ಜಿಡಿಪಿ ಕುಸಿದಾಗ ತಿಂಗಳ ಕಂತು ನಿಲ್ಲಿಸಬೇಕೇ?

ನಿಫ್ಟಿ ಸೂಚ್ಯಂಕ ನಿಧಿಯಲ್ಲಿ (ದೇಶದ ಐವತ್ತು ದೊಡ್ಡ ಕಂಪನಿಗಳ ಷೇರುಗಳಲ್ಲಿ ಒಟ್ಟಿಗೆ ಹಣ ಹೂಡುವ ನಿಧಿ) ಹದಿನೈದು ವರ್ಷಗಳ ಮಟ್ಟಿಗೆ ತಿಂಗಳ ಕಂತು ಕಟ್ಟುತ್ತಿರುವ ನೀವು, ಸೇಡಂ ಕಡೆಯ ಶಿಕ್ಷಕರೆಂದು ಹೇಳಿಕೊಂಡು, ಜಿಡಿಪಿ (ದೇಶದ ಒಟ್ಟು ಉತ್ಪಾದನೆ), ರೆಪೊ ದರ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ), ವಿದೇಶಿ ಹೂಡಿಕೆದಾರರ ಮಾರಾಟ ಇವುಗಳಲ್ಲಿ ಯಾವುದನ್ನು ಗಮನಿಸಬೇಕು, ಅಂಕಿಗಳು ಕೆಟ್ಟಾಗ ಎಸ್‌ಐಪಿ, ಅಂದರೆ ಈ ತಿಂಗಳ ಕಂತು, ನಿಲ್ಲಿಸಬೇಕೇ, ಮೂರು ವರ್ಷದಲ್ಲಿ ಮನೆ ಕಟ್ಟಲು ಬೇಕಾಗುವ ಹಣವನ್ನೂ ಅದರಲ್ಲೇ ಹಾಕಬಹುದೇ ಎಂದು ಕೇಳಿದ್ದೀರಿ. ನಾನು ಕಲಬುರಗಿಯ ಗಂಜಿನಲ್ಲಿ (ಧಾನ್ಯದ ಸಗಟು ಮಾರುಕಟ್ಟೆಯಲ್ಲಿ) ಅಡತಿ ಅಂಗಡಿಗಳ ಮತ್ತು ದಾಲ್ ಮಿಲ್‌ಗಳ ಲೆಕ್ಕಪತ್ರ ನೋಡುವವನು. ಸಲಹೆಗಾರನ ಪರವಾನಗಿ ನನಗಿಲ್ಲ. ನನಗೆ ತಿಳಿದ ಮಟ್ಟಿಗೆ ಹೇಳುವುದಾದರೆ, ನಿಲ್ಲಿಸಬೇಡಿ.

ಜಿಡಿಪಿ ಅಂಕಿ ತಡವಾಗಿ ಬರುತ್ತದೆ, ಮಾರುಕಟ್ಟೆ ಅದಕ್ಕಾಗಿ ಕಾಯುವುದಿಲ್ಲ. 2020ರ ಮಾರ್ಚ್ 23ರಂದು ಮುಂಬೈ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿದು 26,000ಕ್ಕಿಂತ ಕೆಳಗೆ ಮುಗಿಯಿತು. ಆ ವರ್ಷದ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಆರ್ಥಿಕತೆ ಶೇ 23.9ರಷ್ಟು ಕುಗ್ಗಿತೆಂಬ ಅಧಿಕೃತ ಅಂಕಿ ಹೊರಬಿದ್ದದ್ದು ಆಗಸ್ಟ್ ಕೊನೆಯಲ್ಲಿ, ಆ ಹೊತ್ತಿಗೆ ಸೂಚ್ಯಂಕ 38,000 ದಾಟಿತ್ತು. ನವೆಂಬರ್‌ನಲ್ಲಿ ಅದು ಜನವರಿಯ ಎತ್ತರವನ್ನೂ ಮೀರಿತು. ಆಗಸ್ಟಿನ ಅಂಕಿಗೆ ಹೆದರಿ ಕಂತು ನಿಲ್ಲಿಸಿದವರು ಚೇತರಿಕೆ ಬಹುಪಾಲು ಆದ ಮೇಲೆ ನಿಲ್ಲಿಸಿದಂತಾಯಿತು. ಅದೂ ಅಲ್ಲದೆ, ಮೊದಲು ಪ್ರಕಟವಾಗುವ ಜಿಡಿಪಿ ಅಂದಾಜು ಮಾತ್ರ. 2023–24ರ ಬೆಳವಣಿಗೆಯನ್ನು 2024ರ ಮೇ ತಿಂಗಳಲ್ಲಿ ಶೇ 8.2 ಎಂದು ಹೇಳಿ, 2025ರ ಫೆಬ್ರುವರಿಯಲ್ಲಿ ಶೇ 9.2ಕ್ಕೆ ಪರಿಷ್ಕರಿಸಲಾಯಿತು.

ಬಡ್ಡಿ ಏರಿದರೆ ಷೇರು ಇಳಿಯುತ್ತದೆ ಎಂಬ ಸೂತ್ರವನ್ನು ಟಿವಿಯಲ್ಲಿ ದಿನವೂ ಕೇಳುತ್ತೀರಿ. ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯವರೆಗೆ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು, ದರ ಅಲ್ಲಿಯೇ ನಿಂತಿದ್ದಾಗ, 2023ರ ಡಿಸೆಂಬರ್‌ನಲ್ಲಿ, ಸೆನ್ಸೆಕ್ಸ್ 70,000 ದಾಟಿತು. ಸೂತ್ರ ಪೂರಾ ಸುಳ್ಳೆಂದಲ್ಲ, ಆದರೆ ಅದೊಂದನ್ನೇ ನಂಬಿ ಹಣ ಹೂಡುವಷ್ಟು ಗಟ್ಟಿಯೂ ಅಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಬೇರೆಯಿದೆ. ದೇಶ ಬೆಳೆದರೆ ಷೇರಿನ ಹಣವೂ ಅಷ್ಟೇ ಬೆಳೆಯುತ್ತದೆ ಎಂದು ನಾವು ಭಾವಿಸುತ್ತೇವೆ. ಚೀನಾದ ಆರ್ಥಿಕತೆ 2007ರಿಂದೀಚೆಗೆ ಹಲವು ಪಟ್ಟು ಹಿಗ್ಗಿದ್ದರೂ, ಶಾಂಘೈ ಸೂಚ್ಯಂಕ ಆ ವರ್ಷದ ಅಕ್ಟೋಬರ್‌ನಲ್ಲಿ ಮುಟ್ಟಿದ್ದ 6,100ರ ಎತ್ತರವನ್ನು ಮತ್ತೆ ಮುಟ್ಟಿಲ್ಲ. ಬೆಳವಣಿಗೆಗೂ ಹೂಡಿಕೆದಾರನ ಲಾಭಕ್ಕೂ ನಡುವೆ ಎರಡು ಪ್ರಶ್ನೆಗಳಿವೆ: ಆ ಬೇಡಿಕೆಗಾಗಿ ಎಷ್ಟು ಜನ ಪೈಪೋಟಿಗೆ ಇಳಿದಿದ್ದಾರೆ, ಮತ್ತು ಆ ಬೆಳವಣಿಗೆಗೆ ನೀವು ಈಗಾಗಲೇ ಎಷ್ಟು ಬೆಲೆ ತೆತ್ತಿದ್ದೀರಿ.

ಮೊದಲನೆಯದು ನಮ್ಮ ಗಂಜಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. 2015ರಲ್ಲಿ ಮಳೆ ಕೈಕೊಟ್ಟು ತೊಗರಿ ಬೇಳೆ ಚಿಲ್ಲರೆಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು; ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು. ದೇಶದ ಉತ್ಪಾದನೆ ಸುಮಾರು 25 ಲಕ್ಷ ಟನ್‌ನಿಂದ 2016–17ರಲ್ಲಿ 48 ಲಕ್ಷ ಟನ್‌ಗೆ ಜಿಗಿದಾಗ, ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಕೆಳಗಿಳಿಯಿತು. ಬೇಳೆ ತಿನ್ನುವವರು ಕಡಿಮೆಯಾಗಿರಲಿಲ್ಲ, ರಾಶಿ ಮಾತ್ರ ಹೆಚ್ಚಾಗಿತ್ತು.

ಕಂಪನಿಗಳಲ್ಲಿ ಇದೇ ಚಕ್ರ ನಿಧಾನವಾಗಿ ತಿರುಗುತ್ತದೆ, ಒಂದು ಸುತ್ತಿಗೆ ಎಂಟು ಹತ್ತು ವರ್ಷವೂ ಹಿಡಿಯಬಹುದು. ನೀವಿರುವ ಸೇಡಂ, ಪಕ್ಕದ ಮಳಖೇಡ, ಆಚೆಯ ವಾಡಿ, ಇವೆಲ್ಲ ಸುಣ್ಣದ ಕಲ್ಲಿನ ಮೇಲೆ ನಿಂತ ಸಿಮೆಂಟಿನ ಊರುಗಳು. ಬೆಳಿಗ್ಗೆ ಶಾಲೆಗೆ ಹೋಗುವಾಗ ಸಾಲುಗಟ್ಟಿ ನಿಂತ ಲಾರಿಗಳನ್ನು ಕಂಡು ಸಿಮೆಂಟ್ ಷೇರಿಗೆ ಒಳ್ಳೆಯ ಕಾಲ ಬಂದಿತೆಂದು ಅನ್ನಿಸುವುದು ಸಹಜ. ಆದರೆ 2000ದ ದಶಕದ ನಡುವಿನ ಭರಾಟೆಯಲ್ಲಿ ಕಂಪನಿಗಳು ಪೈಪೋಟಿಯಿಂದ ಹೊಸ ಘಟಕಗಳನ್ನು ಕಟ್ಟಿದವು. ಅವು ತಯಾರಾಗುವ ಹೊತ್ತಿಗೆ ದಕ್ಷಿಣದಲ್ಲಿ ಸಾಮರ್ಥ್ಯ ಬೇಡಿಕೆಯನ್ನು ಬಹಳ ಮೀರಿಹೋಗಿ, ಹಲವು ವರ್ಷ ಘಟಕಗಳು ಅರೆಹೊಟ್ಟೆಯಲ್ಲೇ ಓಡಿದವು. ಲಾರಿಗಳ ಸಾಲಿಗಿಂತ ಹೆಚ್ಚು ಹೇಳುವುದು ವಾರ್ಷಿಕ ವರದಿಯಲ್ಲಿನ ಎರಡು ಸಾಲು: ಸ್ಥಾಪಿತ ಸಾಮರ್ಥ್ಯ ಎಷ್ಟು, ಅದರಲ್ಲಿ ಬಳಕೆಯಾದದ್ದು ಎಷ್ಟು. ಮಾಲೀಕತ್ವ ಬದಲಾಗುವುದನ್ನೂ ಗಮನಿಸಿ. ವಾಡಿಯ ಕಾರ್ಖಾನೆಯ ಒಡೆತನವಿರುವ ಎಸಿಸಿ 2022ರಲ್ಲಿ ಅದಾನಿ ಸಮೂಹಕ್ಕೆ ಸೇರಿತು, ಕೇಸೋರಾಂ ಕಂಪನಿಯ ಸೇಡಂ ಕಾರ್ಖಾನೆ ಅಲ್ಟ್ರಾಟೆಕ್ ಪಾಲಾಯಿತು. ಉತ್ಪಾದನೆ ಎಷ್ಟು ಕೈಗಳಲ್ಲಿ ಹಂಚಿಹೋಗಿದೆ ಎಂಬುದು ಯಾವ ಜಿಡಿಪಿ ಅಂಕಿಯಲ್ಲೂ ಕಾಣುವುದಿಲ್ಲ. ಸೂಚ್ಯಂಕ ನಿಧಿಯಲ್ಲಿ ಹಣ ಹಾಕುವ ನೀವು ಒಂದೊಂದೇ ಉದ್ಯಮದ ಲೆಕ್ಕ ಹಾಕಬೇಕಿಲ್ಲ. ಯಾರಾದರೂ ‘ಈ ರಂಗಕ್ಕೆ ಭಾರಿ ಭವಿಷ್ಯವಿದೆ’ ಎಂದು ವಿಶೇಷ ಫಂಡ್ ಒಂದನ್ನು ಮಾರಲು ಬಂದ ದಿನ ಇದು ನೆನಪಾದರೆ ಸಾಕು.

ಎರಡನೆಯ ಪ್ರಶ್ನೆಗೆ ಪಿಇ, ಅಂದರೆ ಒಂದು ರೂಪಾಯಿ ವಾರ್ಷಿಕ ಲಾಭಕ್ಕೆ ಎಷ್ಟು ರೂಪಾಯಿ ಕೊಡುತ್ತಿದ್ದೇವೆ ಎಂಬ ಅಳತೆ, ಉಪಯೋಗಕ್ಕೆ ಬರುತ್ತದೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿದಾಗ ನಿಫ್ಟಿಯ ಪಿಇ 27ರ ಆಸುಪಾಸಿನಲ್ಲಿತ್ತು. ಅದೇ ವರ್ಷದ ಅಕ್ಟೋಬರ್ ಕೊನೆಯ ವಾರದಲ್ಲಿ 12ಕ್ಕಿಂತ ಕೆಳಗಿಳಿದಿತ್ತು. ಜನವರಿಯಲ್ಲಿ ಇಡೀ ಗಂಟನ್ನು ಹಾಕಿದವನು, ನಡುವೆ 2010ರಲ್ಲಿ ಒಮ್ಮೆ ಆ ಮಟ್ಟವನ್ನು ಕಂಡರೂ, ಅದನ್ನು ಸ್ಪಷ್ಟವಾಗಿ ದಾಟಲು 2013ರ ಕೊನೆಯವರೆಗೆ ಕಾಯಬೇಕಾಯಿತು. ಅಷ್ಟು ವರ್ಷವೂ ದೇಶದ ಜಿಡಿಪಿ ಬೆಳೆಯುತ್ತಲೇ ಇತ್ತು. ಒಂದು ಎಚ್ಚರಿಕೆ: 2021ರ ಮಾರ್ಚ್ ಕೊನೆಯಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಪಿಇ ಲೆಕ್ಕಕ್ಕೆ ಕಂಪನಿಗಳ ಒಂಟಿ ಲಾಭವನ್ನು ಬಿಟ್ಟು, ಅಂಗಸಂಸ್ಥೆಗಳೂ ಸೇರಿದ ಲಾಭವನ್ನು ತೆಗೆದುಕೊಳ್ಳತೊಡಗಿತು. ಹಾಗಾಗಿ ಅದರ ಹಿಂದಿನ ಮತ್ತು ಮುಂದಿನ ಪಿಇಗಳನ್ನು ಒಂದೇ ಗೆರೆಯಲ್ಲಿ ತೋರಿಸುವ ವಾಟ್ಸ್‌ಆ್ಯಪ್ ಚಿತ್ರಗಳನ್ನು ನಾನು ನೋಡುವುದೇ ಇಲ್ಲ.

ಇದರ ಜೊತೆಗೆ ಜಿಡಿಪಿಯಲ್ಲಿ ದೊಡ್ಡ ಕಂಪನಿಗಳ ಲಾಭದ ಪಾಲು ಎಷ್ಟೆಂಬುದನ್ನು ವರ್ಷಕ್ಕೊಮ್ಮೆ ನೋಡುತ್ತೇನೆ. 2008ರ ಹೊತ್ತಿಗೆ ಎತ್ತರದಲ್ಲಿದ್ದ ಆ ಅನುಪಾತ 2020ರ ವೇಳೆಗೆ ಬಹಳ ಕೆಳಗಿಳಿದು, ನಂತರ ಏರಿತು. ಆಮೇಲಿನ ವರ್ಷಗಳ ಏರಿಕೆಯನ್ನು ಜಿಡಿಪಿ ದರಕ್ಕಿಂತ ಇದು ಚೆನ್ನಾಗಿ ವಿವರಿಸುತ್ತದೆ. ಪಿಇಯೂ ಈ ಪಾಲೂ ಎರಡೂ ಎತ್ತರದಲ್ಲಿದ್ದಾಗ ಮುಂದಿನ ವರ್ಷಗಳಿಂದ ಕಡಿಮೆ ನಿರೀಕ್ಷಿಸುತ್ತೇನೆ, ಕಂತನ್ನು ಮುಟ್ಟುವುದಿಲ್ಲ. ವಿದೇಶಿ ಹೂಡಿಕೆದಾರರ ದಿನದ ಮಾರಾಟದ ಅಂಕಿಯನ್ನು ನೀವು ಬಿಟ್ಟುಬಿಡಬಹುದು: ಅವರು 2024ರ ಅಕ್ಟೋಬರ್‌ನಲ್ಲಿ ಭಾರಿ ಪ್ರಮಾಣದಲ್ಲಿ ಮಾರಿದ ತಿಂಗಳೇ ದೇಶದ ಎಸ್‌ಐಪಿ ಹರಿವು 25,000 ಕೋಟಿ ರೂಪಾಯಿ ದಾಟಿತು, ಅಂದರೆ ಕೊಳ್ಳುವ ಹಣ ದೇಶದೊಳಗಿನಿಂದಲೂ ಬರುತ್ತಿತ್ತು.

ಕಂತು ನಿಲ್ಲಿಸಬೇಡಿ ಎಂದದ್ದಕ್ಕೆ ಕಾರಣ ಇಲ್ಲಿದೆ. ಮಾರುಕಟ್ಟೆ ಕುಸಿದಿರುವ ತಿಂಗಳುಗಳಲ್ಲೇ ಅದೇ ಹಣಕ್ಕೆ ನಿಧಿಯ ಹೆಚ್ಚು ಯೂನಿಟ್ (ಪಾಲು) ಸಿಗುತ್ತವೆ, ಮತ್ತು ಹದಿನೈದು ವರ್ಷದ ಫಲದಲ್ಲಿ ಆ ತಿಂಗಳುಗಳ ಪಾಲು ದೊಡ್ಡದು. ಆದರೆ ಆ ಹದಿನೈದು ವರ್ಷ ಮುಗಿಯುತ್ತ ಬಂದಂತೆ, ಕೊನೆಯ ಮೂರು ನಾಲ್ಕು ವರ್ಷಗಳಲ್ಲಿ, ಕೂಡಿದ ಹಣವನ್ನು ಸ್ವಲ್ಪಸ್ವಲ್ಪವಾಗಿ ಠೇವಣಿಗೆ ಸಾಗಿಸಿ. ಆಗ 2008ರಂಥ ವರ್ಷ ಬಂದರೆ ಕಾಯಲು ನಿಮಗೆ ಸಮಯವಿರುವುದಿಲ್ಲ. ಮನೆಯ ಹಣದ ವಿಷಯದಲ್ಲಿ ಯಾವ ಅಂಕಿಯನ್ನೂ ನೋಡುವ ಅಗತ್ಯವಿಲ್ಲ. ಅದನ್ನು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಠೇವಣಿ ಇಡಿ. ಒಂದೇ ಬ್ಯಾಂಕಿನಲ್ಲಿ ಇಡುವುದಾದರೆ ಠೇವಣಿ ವಿಮೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಗೆ ಮಾತ್ರ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.