ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ

ಫೆಬ್ರುವರಿ ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯವು. ಮಗು ಸಾಯುವ ಮಾತಾಡುತ್ತಿದೆ ಎಂದು ಮೊದಲ ಸಾಲು, ಪರೀಕ್ಷೆ ಆದ ಮೇಲೆ ಕರೆತರಲೇ ಎಂದು ಕೊನೆಯ ಸಾಲು. ಓದುತ್ತ ಓದುತ್ತ ಸಿಟ್ಟೂ ಬರುತ್ತದೆ, ಭಯವೂ ಆಗುತ್ತದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗವನ್ನು ಒಂದೇ ಪತ್ರಕ್ಕೆ ಕೊಡುತ್ತಿದ್ದೇನೆ.

ಪ್ರಶ್ನೆ: ಮಗಳು ಹತ್ತನೇ ತರಗತಿ. ದೀಪಾವಳಿಯಿಂದೀಚೆಗೆ ಮಾತು ಕಡಿಮೆ, ಊಟ ಸೇರುವುದಿಲ್ಲ, ರಾತ್ರಿ ಎರಡು ಗಂಟೆಯಾದರೂ ಎಚ್ಚರವಾಗಿರುತ್ತಾಳೆ. ಮೊನ್ನೆ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂದು ಬರೆದಿದ್ದು ಕಣ್ಣಿಗೆ ಬಿತ್ತು. ಕೇಳಿದರೆ ಇನ್ನೂ ಕೆಡುತ್ತದೇನೋ ಎಂದು ಸುಮ್ಮನಿದ್ದೇನೆ. ಅತ್ತೆಯವರು ಗಾಳಿ ಸೋಕಿದೆ, ಅಮಾವಾಸ್ಯೆಗೆ ಹೋಗಿ ಯಂತ್ರ ಕಟ್ಟಿಸೋಣ ಎನ್ನುತ್ತಾರೆ. ಯಜಮಾನರು ಪರೀಕ್ಷೆ ಮುಗಿಯಲಿ ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಜಗಳೂರು ತಾಲ್ಲೂಕು

ಉತ್ತರ: ತಾಯಿ, ಇದನ್ನು ಓದಿದ ಕೂಡಲೇ ಮಗಳ ಹತ್ತಿರ ಹೋಗಿ ಕುಳಿತುಕೊಳ್ಳಿ. ಇಂದೇ ಆಸ್ಪತ್ರೆಗೆ ಹೊರಡಲು ಸಾಧ್ಯವಾದರೆ ಹೊರಡಿ. ಹೊತ್ತು ಮೀರಿದ್ದು, ಮಗಳು ನಿಮ್ಮ ಮಾತಿಗೆ ಒಗ್ಗುತ್ತಿದ್ದರೆ ಮಾತ್ರ ಬೆಳಗಿನ ಮೊದಲ ಬಸ್ಸಿಗೆ ಬನ್ನಿ. ಅಮಾವಾಸ್ಯೆಯನ್ನೂ ಪರೀಕ್ಷೆಯನ್ನೂ ಕಾಯುವಷ್ಟು ಸಮಯ ನಿಮ್ಮ ಬಳಿ ಇದೆ ಎಂದು ಯಾವ ವೈದ್ಯನೂ ಹೇಳಲಾರ.

ಕೇಳಬಾರದೆಂದು ನಿಮಗೆ ಯಾರು ಹೇಳಿದರೋ, ತಪ್ಪು ಹೇಳಿದ್ದಾರೆ. ಸಾವಿನ ಬಗ್ಗೆ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಬಚ್ಚಿಟ್ಟುಕೊಂಡದ್ದನ್ನು ಹೇಳಲು ಮಗುವಿಗೆ ದಾರಿ ಸಿಗುತ್ತದೆ, ಅಷ್ಟೆ. ಸುತ್ತಿ ಬಳಸಬೇಡಿ. ‘ನೀನು ಬರೆದದ್ದನ್ನು ಓದಿದೆನವ್ವಾ. ಸಾಯಬೇಕು ಅನ್ನಿಸುತ್ತಿದೆಯಾ? ಹೇಗೆ ಅಂತ ಏನಾದರೂ ಯೋಚನೆ ಮಾಡಿದ್ದೀಯಾ?’ ಎಂದು ನೇರವಾಗಿ ಕೇಳಿ. ಆಮೇಲೆ ನೀವು ಸುಮ್ಮನಿರಿ. ಅವಳು ಐದು ನಿಮಿಷ ಅತ್ತರೆ ಅಳಲಿ. ‘ನಿನಗೇನು ಕಡಿಮೆ ಮಾಡಿದ್ದೇವೆ’, ‘ನಿಮ್ಮಪ್ಪನ ಮರ್ಯಾದೆ ನೋಡು’ ಎಂಬ ಮಾತುಗಳು ಈ ಹೊತ್ತಿನಲ್ಲಿ ಬೇಡವೇ ಬೇಡ. ತನ್ನಿಂದ ಮನೆಯವರಿಗೆ ತೊಂದರೆ ಎಂದು ಅವಳು ಮೊದಲೇ ನಂಬಿದ್ದಾಳೆ. ಯಾರಿಗೂ ಹೇಳುವುದಿಲ್ಲ ಎಂದು ಆಣೆಯನ್ನೂ ಮಾಡಬೇಡಿ. ಹೇಗೆಂದು ಯೋಚಿಸಿದ್ದೇನೆ ಎಂದಳೋ, ಬೆಳಗಿನ ಬಸ್ಸಿನ ಮಾತು ಬಿಟ್ಟುಬಿಡಿ. ಸಿಕ್ಕ ಗಾಡಿಯಲ್ಲಿ ಆ ರಾತ್ರಿಯೇ ಹೊರಡಿ.

ಹೊರಡುವವರೆಗೆ ಅವಳನ್ನು ಒಂಟಿಯಾಗಿ ಬಿಡಬೇಡಿ. ಪಕ್ಕದಲ್ಲೇ ಮಲಗಿ, ಬಚ್ಚಲಿನ ಚಿಲಕ ಹಾಕಿಕೊಳ್ಳುವುದು ಬೇಡ ಎನ್ನಿ. ಯಜಮಾನರಿಗೆ ಒಂದು ಕೆಲಸ ಹೇಳುತ್ತೇನೆ, ದಯವಿಟ್ಟು ನಾಳೆಗೆ ಹಾಕಬೇಡಿ. ಮೆಕ್ಕೆಜೋಳಕ್ಕೆ, ಹತ್ತಿಗೆ ಹೊಡೆಯುವ ಔಷಧಿ ನಮ್ಮ ಕಡೆ ಎಲ್ಲಿರುತ್ತದೆ? ಅಟ್ಟದ ಮೇಲೆ, ಮಂಚದ ಕೆಳಗೆ, ಅರ್ಧ ಉಳಿದ ಬಾಟಲಿ ಬಚ್ಚಲಿನ ಗೂಡಿನಲ್ಲಿ. ಅದೆಲ್ಲವನ್ನೂ ಮನೆಯಿಂದಲೇ ಆಚೆ ಸಾಗಿಸಿ, ನಂಬಿಕಸ್ತರ ಬಳಿ ಬೀಗ ಹಾಕಿಸಿ ಇಡಿ. ಮಾವನವರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳೂ ಬೀಗದೊಳಗಿರಲಿ. ನನ್ನನ್ನು ಅತಿ ಮಾಡುತ್ತೇನೆ ಎನ್ನುವವರಿದ್ದಾರೆ. ಆದರೆ ಸಾಯುವ ಆವೇಗ ಅನೇಕ ಮಕ್ಕಳಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಮಗು ಉಳಿಯುತ್ತದೆ.

ರಾತ್ರಿ ಯಾರೊಂದಿಗಾದರೂ ಮಾತಾಡಬೇಕು ಎನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಸರ್ಕಾರದ ಸೇವೆ, ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗಳೂ ಮಾತಾಡಬಹುದು, ನೀವೂ ಮಾತಾಡಬಹುದು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಬನ್ನಿ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಮನೋವೈದ್ಯರಿದ್ದಾರೆ. ರಾತ್ರಿಯಾದರೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದು, ‘ಮಗು ಸಾಯುವ ಮಾತಾಡುತ್ತಿದೆ’ ಎಂದು ಮೊದಲೇ ಹೇಳಿ. ಹೊಟ್ಟೆನೋವು, ತಲೆಸುತ್ತು ಎಂದು ನಾಚಿಕೆಯಿಂದ ಮುಚ್ಚಿಟ್ಟು, ಗ್ಲೂಕೋಸ್ ಹಾಕಿಸಿಕೊಂಡು ಮರಳುವವರನ್ನು ನಾನು ತುಂಬ ನೋಡಿದ್ದೇನೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನಕ್ಕಾಗಿ ಕಾಯುವುದು ಬೇರೆ ತೊಂದರೆಗಳಿಗೆ ಸರಿ, ಇದಕ್ಕಲ್ಲ.

ಮಗಳನ್ನು ಕಸಿದುಕೊಂಡು ಕೂಡಿಹಾಕುತ್ತಾರೆ ಎಂಬ ಹೆದರಿಕೆ ಬೇಡ. ಹದಿನೆಂಟು ತುಂಬದವರನ್ನು ದಾಖಲಿಸಿದರೆ ದೊಡ್ಡವರಿಂದ ಬೇರೆ ಇಡಬೇಕು, ಮನೆಯವರು ಇಡೀ ಹೊತ್ತು ಜೊತೆಗಿರಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ವೈದ್ಯರು ಅವಳೊಂದಿಗೆ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತಾಡುತ್ತಾರೆ. ಆಗ ಬಾಗಿಲ ಬಳಿ ನಿಂತು ಕಿವಿಗೊಡಬೇಡಿ. ಶಾಲೆಯಲ್ಲಿ, ನೆಂಟರಲ್ಲಿ ಯಾರಾದರೂ ಕಾಡಿದ್ದರೆ ಅದನ್ನು ನಿಮ್ಮೆದುರು ಹೇಳುವುದು ಅವಳಿಗೆ ಕಷ್ಟ. ಮಾತ್ರೆ ಬರೆದುಕೊಟ್ಟರೆ ಅದರ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲೇ ಕಾವಲು ಹೆಚ್ಚಿರಬೇಕು. ಮಾತ್ರೆಯ ಪಟ್ಟಿ ನಿಮ್ಮ ಕೈಯಲ್ಲಿರಲಿ, ದಿನದ್ದು ದಿನ ಕೊಡಿ, ನಕ್ಕಳೆಂದು ನಿಲ್ಲಿಸಬೇಡಿ.

ಅತ್ತೆಯವರ ಹರಕೆಗೆ ನನ್ನ ತಕರಾರಿಲ್ಲ, ಮನೆಯ ದೇವರಿಗೆ ಕೈ ಮುಗಿಯಲಿ. ಆದರೆ ಗಾಳಿ ಬಿಡಿಸುತ್ತೇನೆಂದು ಬೇವಿನ ಬರಲಿನಲ್ಲಿ ಹೊಡೆಯುವ, ಮೆಣಸಿನಕಾಯಿ ಹೊಗೆ ಹಾಕುವ ಮನುಷ್ಯನ ಮುಂದೆ ಮಗುವನ್ನು ಕೂರಿಸಬೇಡಿ. ಅದು ಹಿಂಸೆ. ಅಂಥವರಿಂದ ಬಿಡಿಸಿಕೊಂಡು ಬಂದ ಮಕ್ಕಳು ನಮ್ಮೆದುರು ಬಾಯಿ ಬಿಡಲು ತಿಂಗಳುಗಳೇ ಹಿಡಿಯುತ್ತವೆ. ನಿಮ್ಮಿಂದ ಸಾವಿರಾರು ರೂಪಾಯಿ ಕಿತ್ತವನು ಮಗುವಿಗೆ ಏನಾದರೂ ಆದ ದಿನ ಫೋನ್ ಎತ್ತುವುದಿಲ್ಲ.

ಇನ್ನು ಪರೀಕ್ಷೆ. ಅದೇ ವರ್ಷ ಮತ್ತೊಮ್ಮೆ ಬರೆಯುವ ಅವಕಾಶವನ್ನು ಪರೀಕ್ಷಾ ಮಂಡಳಿಯೇ ಕೊಟ್ಟಿದೆ. ‘ಬರೆದರೆ ಬರಿ, ಬಿಟ್ಟರೆ ಬಿಡು, ನೀನು ಮೊದಲು’ ಎಂದು ಅಪ್ಪನ ಬಾಯಲ್ಲೇ ಅವಳಿಗೆ ಹೇಳಿಸಿ.

ಪ್ರಶ್ನೆ: ಮಗನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಮಾತ್ರೆ ಹೇಳಿ. (ಹರಿಹರ)

ಉತ್ತರ: ಹೇಳುವುದಿಲ್ಲ. ಅವನನ್ನು ಕರೆತನ್ನಿ. ಬರಲು ಒಪ್ಪದಿದ್ದರೆ ಮೊದಲು ನೀವು ಬನ್ನಿ.

ಪ್ರಶ್ನೆ: ಆಸ್ಪತ್ರೆಯ ಚೀಟಿಯಿಂದ ಮುಂದೆ ಮದುವೆಗೆ ತೊಂದರೆಯೇ? (ಚನ್ನಗಿರಿ)

ಉತ್ತರ: ಚೀಟಿ ನಿಮ್ಮ ಮನೆಯ ಕಪಾಟಿನಲ್ಲಿರುತ್ತದೆ, ವೈದ್ಯರು ಅದನ್ನು ಊರಿಗೆ ಸಾರುವಂತಿಲ್ಲ.

ಪ್ರಶ್ನೆ: ವಿಷ ಕುಡಿದರೆ ಪೊಲೀಸ್ ಕೇಸಾಗುತ್ತದೆಂದು ಮೊದಲು ಮನೆಯಲ್ಲೇ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು ಸರಿಯೇ? (ಹೊನ್ನಾಳಿ)

ಉತ್ತರ: ತಪ್ಪು, ಮತ್ತು ಅಪಾಯ. ವಾಂತಿ ಶ್ವಾಸಕೋಶಕ್ಕೆ ಹೋಗಬಹುದು, ಅಮೂಲ್ಯ ಸಮಯವೂ ಹಾಳು. 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಜೊತೆಗೆ ತನ್ನಿ. ಮಗು ಎದ್ದು ಓಡಾಡುತ್ತಿದ್ದರೂ ತನ್ನಿ, ಕೆಲವು ವಿಷಗಳು ದಿನಗಳಾದ ಮೇಲೆ ಕೆಲಸ ಮಾಡುತ್ತವೆ. ಪೊಲೀಸರು ಹೇಳಿಕೆ ಬರೆದುಕೊಂಡು ಹೋಗುತ್ತಾರೆ. ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.