ಪ್ರವಾಸಿಗೆ ವಿಮೆ ಯಾಕೆ ಎನ್ನುವ ಗಂಡ

ಪ್ರಶ್ನೆ: ನಮ್ಮ ಯಜಮಾನರು ಭಕ್ತಿವಂತರು. ‘ನಾವು ಈ ಲೋಕದಲ್ಲಿ ಪ್ರವಾಸಿಗಳು, ನಿತ್ಯವಾದ ಮನೆ ಪರಲೋಕದಲ್ಲಿದೆ’ ಎಂದು ಈ ಸಲ ಆರೋಗ್ಯ ವಿಮೆಯ ಕಂತು ಕಟ್ಟಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಸೈಟಿನ ಮಾತೆತ್ತಿದರೆ ‘ಅಬ್ರಹಾಮ ಗುಡಾರದಲ್ಲಿರಲಿಲ್ಲವೇ?’ ಎನ್ನುತ್ತಾರೆ. ನನ್ನ ನಂಬಿಕೆಯೇ ಕಡಿಮೆಯೇ?

ಉತ್ತರ: ಸಹೋದರಿ, ನಿಮ್ಮ ನಂಬಿಕೆಗೆ ಕೊರತೆಯಿಲ್ಲ. ಅವರ ಮಾತೂ ಸುಳ್ಳಲ್ಲ. ಅಬ್ರಹಾಮ ಗುಡಾರಗಳಲ್ಲಿದ್ದುಕೊಂಡು ದೇವರು ಕಟ್ಟುವ ಪಟ್ಟಣವನ್ನು ಎದುರುನೋಡಿದ್ದು ಬೈಬಲಿನ ಇಬ್ರಿಯ 11:9-10ರಲ್ಲಿದೆ. ಅದರ ಜೊತೆಗೆ ಓದಬೇಕಾದದ್ದು ಆದಿಕಾಂಡ 23. ಹೆಂಡತಿ ಸಾರಳು ತೀರಿಕೊಂಡಾಗ ಅಬ್ರಹಾಮ ‘ನಾನು ನಿಮ್ಮಲ್ಲಿ ಪರದೇಶಿ, ಪ್ರವಾಸಿ’ ಎಂದು ಹೇಳಿಕೊಂಡೇ ಅವಳನ್ನು ಹೂಳಲು ಜಾಗ ಕೇಳಿದ. ಜಾಗದ ಒಡೆಯ ಎಫ್ರೋನ ಪುಕ್ಕಟೆ ಕೊಡುತ್ತೇನೆಂದರೂ ಒಪ್ಪಲಿಲ್ಲ; ಊರಬಾಗಿಲಲ್ಲಿ ಎಲ್ಲರೂ ಕೇಳುವಂತೆ ಮಾತಾಡಿ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟ. ಹೊಲ, ಗವಿ, ಸುತ್ತಲ ಎಲ್ಲೆಯೊಳಗಿನ ಮರಗಳು, ಎಲ್ಲವೂ ಬಾಯಿಬಿಟ್ಟು ಹೇಳಿದ ವ್ಯವಹಾರ ಅದು. ನಮ್ಮ ಎಷ್ಟೋ ಕ್ರಯಪತ್ರಗಳ ಚಕ್ಕುಬಂದಿ ಇಷ್ಟು ಚೊಕ್ಕವಾಗಿರುವುದಿಲ್ಲ! ಪ್ರವಾದಿ ಯೆರೆಮೀಯನಂತೂ ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದ್ದಾಗಲೇ 17 ಶೆಕೆಲ್‌ಗೆ ಅನಾತೋತಿನ ಹೊಲ ಕೊಂಡು, ಪತ್ರವನ್ನು ಮಣ್ಣಿನ ಮಡಕೆಯಲ್ಲಿ ಇಡಿಸಿದ.

ಪ್ರವಾಸಿಗಳು ಬಿಡಬೇಕೆಂದು 1 ಪೇತ್ರ 2:11 ಹೇಳುವುದು ಶರೀರದ ಆಶೆಗಳನ್ನು, ಮನೆಯವರ ಹೊಣೆಯನ್ನಲ್ಲ. ಆ ಹೊಣೆ ಬಿಟ್ಟವನ ಬಗ್ಗೆ 1 ತಿಮೊಥೆಯ 5:8 ಕಟುವಾಗಿದೆ. ಅದನ್ನು ಅವರ ಮುಖಕ್ಕೆ ಹಿಡಿಯಬೇಡಿ, ಮನಸ್ಸು ಮುರಿಯುತ್ತದೆ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಆದಿಕಾಂಡ 23ನ್ನು ಅವರಿಂದಲೇ ಓದಿಸಿ. ಆಮೇಲೂ ಬಿಗಿಹಿಡಿದರೆ ಸಭಾಪಾಲಕರನ್ನು ಮನೆಗೆ ಕರೆಯಿರಿ, ಮಕ್ಕಳು ಎದುರಿಗಿಲ್ಲದ ಹೊತ್ತಿನಲ್ಲಿ.

ವಿಮೆಗೆ ಮಾತ್ರ ಕಾಯುವಂತಿಲ್ಲ. ಪಾಲಿಸಿ ತೆಗೆದು ನವೀಕರಣದ ತಾರೀಖು ನೋಡಿ. ವರ್ಷಕ್ಕೊಮ್ಮೆ ಕಟ್ಟುವ ಪಾಲಿಸಿಗೆ 30 ದಿನಗಳ ರಿಯಾಯಿತಿ ಅವಧಿ ಇದೆ. ಅಷ್ಟರೊಳಗೆ ಕಟ್ಟಿದರೆ ಮೊದಲಿನ ಕಾಯಿಲೆಗೆ ವಿಮೆ ಅನ್ವಯಿಸಲೆಂದು ಈಗಾಗಲೇ ಕಾದು ಕಳೆದ ವರ್ಷಗಳು ಲೆಕ್ಕದಲ್ಲಿ ಉಳಿಯುತ್ತವೆ. ತಪ್ಪಿದರೆ ಹೊಸ ಪಾಲಿಸಿ. ಸಕ್ಕರೆ ಕಾಯಿಲೆಯಂಥ ಮೊದಲಿನ ಕಾಯಿಲೆಗೆ ಮತ್ತೆ 3 ವರ್ಷಗಳವರೆಗೂ ಕಾಯಬೇಕಾಗಬಹುದು. ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ, ಆಸ್ಪತ್ರೆ ಸೇರಿದ ದಿನ ಕ್ಲೈಮ್ ಮುರಿದುಬೀಳುವುದು ಅಲ್ಲೇ.

ಸೈಟಿನ ವಿಷಯದಲ್ಲಿ ನಾನು ಅರ್ಧ ನಿಮ್ಮ ಯಜಮಾನರ ಕಡೆ. ಕಂತಿಗಾಗಿ ಭಾನುವಾರವೂ ದುಡಿದು, ಕಾಣಿಕೆಗೆ ಕೈ ಬಿಗಿಹಿಡಿಯುವಂತಾದರೆ ಆ ಸೈಟು ಈಗ ಬೇಡ. ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕುವುದಿಲ್ಲವೇ ಎಂದು ಕರ್ತನೇ ಕೇಳಿದ್ದಾನೆ (ಲೂಕ 14:28). ದಶಮಾಂಶ, ಬಾಡಿಗೆ, ಫೀಸು, ಔಷಧಿ, ವಿಮೆ ಕಳೆದು ತಿಂಗಳಿಗೆ ಎಷ್ಟು ಉಳಿಯುತ್ತದೆಂದು ಆರು ತಿಂಗಳು ಇಬ್ಬರೂ ಬರೆದಿಡಿ. ಆ ಪುಸ್ತಕ ಮುಂದಿಟ್ಟುಕೊಂಡೇ ಸೈಟಿನ ಮಾತೆತ್ತಿ.