ಓದುಗರ ಪ್ರಶ್ನೆ: 65 ಇದ್ದರೆ ರೋಗಿ, 60 ಬಂದರೆ ಗುಣ?

ಪ್ರಶ್ನೆ: ಮೇಡಂ, ನನ್ನ ತಂಗಿಗೆ 34 ವರ್ಷ. ಡೆಂಗಿ ಬಂದು ಹೋದ ಮೇಲೆ ಸುಸ್ತು ಬಿಟ್ಟೇ ಇಲ್ಲ. ರಕ್ತ, ಥೈರಾಯ್ಡ್ ಎಲ್ಲ ಸರಿಯಿದೆ. ಇವತ್ತು ನಾಲ್ಕು ಬಟ್ಟೆ ಒಗೆದರೆ ನಾಡಿದ್ದು ಹಾಸಿಗೆ ಹಿಡಿಯುತ್ತಾಳೆ. ಡಾಕ್ಟರು ಇದು ಎಂಇ/ಸಿಎಫ್‌ಎಸ್, ಅಂದರೆ ಬಿಡದೆ ಕಾಡುವ ಸುಸ್ತಿನ ಕಾಯಿಲೆ ಅಂದರು. ಎಷ್ಟೇ ಸುಸ್ತಾದರೂ ವಾರವಾರ ನಡಿಗೆ ಹೆಚ್ಚಿಸುತ್ತಾ ಹೋಗಿ, ಇಂಗ್ಲೆಂಡಿನಲ್ಲಿ ದೊಡ್ಡ ಪ್ರಯೋಗ ಮಾಡಿ ಸಾಬೀತು ಮಾಡಿದ್ದಾರೆ ಅಂತಲೂ ಹೇಳಿದರು. ಲೀಡ್ಸ್‌ನಲ್ಲಿರುವ ನಮ್ಮ ಭಾವನ ಮಗ ಆ ಪ್ರಯೋಗವೇ ಸರಿಯಿಲ್ಲ ಅನ್ನುತ್ತಾನೆ. ಯಾರ ಮಾತು ಕೇಳೋಣ? (ಹೆಸರು ಬೇಡ, ಸಾಗರ)

ಉತ್ತರ: ಈ ವಿಷಯದಲ್ಲಿ ಹುಡುಗನ ಮಾತು ಕೇಳಿ. ನಾನು ವೈದ್ಯೆಯಲ್ಲ, ಔಷಧ ಪ್ರಯೋಗಗಳ ಲೆಕ್ಕ ನೋಡುವ ಕೆಲಸದಲ್ಲಿ ತಲೆ ನರೆಸಿಕೊಂಡವಳು. ಹಾಗಾಗಿ ನಾನು ಹೇಳುವುದು ಲೆಕ್ಕದ ಮಾತು.

ನಿಮ್ಮ ಡಾಕ್ಟರು ಹೇಳಿದ ಪ್ರಯೋಗದ ಹೆಸರು ಪೇಸ್. 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 641 ರೋಗಿಗಳು, ಸುಮಾರು 50 ಲಕ್ಷ ಪೌಂಡ್ ಖರ್ಚು. ಹಣ ಕೊಟ್ಟವರಲ್ಲಿ ಕಾಯಿಲೆಯವರಿಗೆ ಭತ್ಯೆ ಕೊಡುವ ಸರ್ಕಾರಿ ಇಲಾಖೆಯೂ ಇತ್ತು. ಅಂಥ ಇಲಾಖೆಗೆ ಇದರಲ್ಲೇನು ಆಸಕ್ತಿ ಎಂದು ರೋಗಿಗಳು ಹುಬ್ಬೇರಿಸಿದರೆ ತಪ್ಪೇನೂ ಇಲ್ಲ. ರೋಗಿಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ವೈದ್ಯಕೀಯ ಆರೈಕೆ ಮಾತ್ರ. ಉಳಿದ ಮೂರಕ್ಕೆ ಅದರ ಜೊತೆಗೆ ಒಂದೊಂದು ಚಿಕಿತ್ಸೆ: ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಹಂತಹಂತವಾಗಿ ಹೆಚ್ಚಿಸುವ ವ್ಯಾಯಾಮ, ಇರುವ ಶಕ್ತಿಯ ಮಿತಿಯೊಳಗೆ ಬದುಕುವ ಪೇಸಿಂಗ್. ಮಾತಿನ ಚಿಕಿತ್ಸೆ ಮತ್ತು ವ್ಯಾಯಾಮ ಗೆದ್ದವು ಎಂದು ಪ್ರಕಟವಾಯಿತು. 2013ರ ಇನ್ನೊಂದು ಲೇಖನದಲ್ಲಿ ಈ ಎರಡೂ ಗುಂಪುಗಳಲ್ಲಿ ಶೇ. 22 ಮಂದಿ ಗುಣವಾದರು ಎಂದರು.

ಈಗ ಅಂಕಿಗಳಿಗೆ ಬನ್ನಿ. ದೇಹದ ಶಕ್ತಿ ಅಳೆಯಲು ಎಸ್‌ಎಫ್-36 ಎಂಬ ಪ್ರಶ್ನಾವಳಿ ಬಳಸಿದ್ದರು, ಸೊನ್ನೆಯಿಂದ ನೂರರವರೆಗೆ ಅಂಕ. 65 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ಮಾತ್ರ ಪ್ರಯೋಗಕ್ಕೆ ಸೇರಿಸಿಕೊಂಡರು. ಗುಣ ಎನ್ನಲು 85 ಆಗಬೇಕು ಎಂದು 2007ರ ಯೋಜನಾಪತ್ರದಲ್ಲಿ ಬರೆದಿದ್ದರು. ಫಲಿತಾಂಶ ಬರೆಯುವ ಹೊತ್ತಿಗೆ ಅದು 60ಕ್ಕೆ ಇಳಿದಿತ್ತು. ಅಂದರೆ 65ರಲ್ಲಿ ಸೇರಿದ ರೋಗಿ ಒಂದು ವರ್ಷದಲ್ಲಿ ಇನ್ನಷ್ಟು ಹದಗೆಟ್ಟು 60ಕ್ಕೆ ಬಂದರೂ ಈ ಅಳತೆಯ ಮಟ್ಟಿಗೆ ಗುಣ! ದೇಹಶಕ್ತಿ, ಸುಸ್ತು ಎಂಬ ಎರಡು ಮುಖ್ಯ ಅಳತೆಗಳಲ್ಲಿ ಕನಿಷ್ಠ ಒಂದರಲ್ಲಿ ಶೇ. 13 ಮಂದಿ ಸೇರಿದ ದಿನವೇ ಹೊಸ ಗೆರೆ ದಾಟಿದ್ದರು.

60 ಬಂದದ್ದಾದರೂ ಎಲ್ಲಿಂದ? ಇಂಗ್ಲೆಂಡಿನ ವಯಸ್ಕರ ಸರಾಸರಿ 84, ಅದರಿಂದ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಇಲ್ಲಿ 24, ಕಳೆದರು. ಆ ಸರಾಸರಿಯಲ್ಲಿ ಮೊಣಕಾಲು ಸವೆದ ಎಂಬತ್ತರ ಅಜ್ಜಿಯರೂ ಇದ್ದಾರೆ. ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 38. ಅಲ್ಲದೆ ಈ ಅಂಕಗಳು ಗಂಟೆಯಾಕಾರದಲ್ಲಿ ಹರಡಿಕೊಳ್ಳುವುದಿಲ್ಲ, ಹೆಚ್ಚಿನ ಜನ ನೂರರ ಹತ್ತಿರವೇ ಗುಂಪುಗೂಡುತ್ತಾರೆ. ಇಂಥ ಕಡೆ ಸರಾಸರಿಯಿಂದ ಡೀವಿಯೇಷನ್ ಕಳೆಯುವುದು ಬಿಎಸ್‌ಸಿ ಪರೀಕ್ಷೆಯಲ್ಲೂ ಅಂಕ ತರದ ಕೆಲಸ.

ಇದನ್ನು ಮೊದಲು ಪತ್ತೆಹಚ್ಚಿದವರು ಪ್ರೊಫೆಸರುಗಳಲ್ಲ, ಹಾಸಿಗೆಯಲ್ಲಿದ್ದ ರೋಗಿಗಳು. ಐರ್ಲೆಂಡಿನ ಟಾಮ್ ಕಿಂಡ್ಲನ್ ಪತ್ರಿಕೆಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಆಸ್ಟ್ರೇಲಿಯಾದ ಅಲೆಮ್ ಮ್ಯಾಥೀಸ್ 2014ರಲ್ಲಿ ಬ್ರಿಟನ್ನಿನ ಮಾಹಿತಿ ಹಕ್ಕು ಕಾನೂನಿನಡಿ ಮೂಲ ದತ್ತಾಂಶ ಕೇಳಿದರು. ಆ ದತ್ತಾಂಶ ಇಟ್ಟುಕೊಂಡಿದ್ದ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಮಾಹಿತಿ ಆಯುಕ್ತರು ಕೊಡಿ ಎಂದ ಮೇಲೂ ಎರಡು ಲಕ್ಷ ಪೌಂಡಿಗೂ ಹೆಚ್ಚು ವಕೀಲರಿಗೆ ಸುರಿದು ಮೇಲ್ಮನವಿ ಹೋಯಿತು. ರೋಗಿಗಳ ಗುರುತು ಬಯಲಾಗುತ್ತದೆ, ಹೋರಾಟಗಾರರು ಅಪಾಯಕಾರಿ ಜನ ಎಂಬ ವಾದ. 2016ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಇದು ವಿಪರೀತ ಉತ್ಪ್ರೇಕ್ಷೆ ಎಂದಿತು. ಅಪಾಯಕ್ಕೆ ಸಿಕ್ಕ ಸಾಕ್ಷಿ, ಒಂದು ಸೆಮಿನಾರಿನಲ್ಲಿ ಯಾರೋ ಒಬ್ಬರು ಕೂಗಿ ಅಡ್ಡಿಪಡಿಸಿದ್ದು ಅಷ್ಟೇ. ದತ್ತಾಂಶ ಹೊರಬಂತು. ಮೊದಲಿನ ಯೋಜನೆಯ ಅಳತೆಗೋಲನ್ನೇ ಹಿಡಿದು ಲೆಕ್ಕ ಹಾಕಿದರೆ ಗುಣವಾದವರು ಸಿಬಿಟಿಯಲ್ಲಿ ಶೇ. 7, ವ್ಯಾಯಾಮದಲ್ಲಿ 4, ಮಾಮೂಲಿ ಆರೈಕೆಯಲ್ಲಿ 3. ಈ ಅಂತರಕ್ಕೆ ಅಂಕಿಅಂಶದ ಬಲವಿಲ್ಲ.

ಪ್ರಯೋಗ ನಡೆಸಿದವರು ಇಂದಿಗೂ ತಮ್ಮ ತೀರ್ಮಾನಕ್ಕೆ ಅಂಟಿಕೊಂಡಿದ್ದಾರೆ. ಅಳತೆ ಬದಲಿಸಿದ್ದು ಫಲಿತಾಂಶ ನೋಡುವ ಮೊದಲೇ ಎನ್ನುತ್ತಾರೆ. ಲ್ಯಾನ್ಸೆಟ್ ಲೇಖನವನ್ನು ಹಿಂತೆಗೆದುಕೊಂಡಿಲ್ಲ. ಆದರೆ ಇಂಗ್ಲೆಂಡಿಗೆ ಚಿಕಿತ್ಸಾ ಸೂತ್ರ ಬರೆಯುವ ನೈಸ್ ಸಂಸ್ಥೆ 2007ರಲ್ಲಿ ಇದೇ ವ್ಯಾಯಾಮವನ್ನು ಶಿಫಾರಸು ಮಾಡಿದ್ದು, 2021ರ ಅಕ್ಟೋಬರ್‌ನಲ್ಲಿ ಅದನ್ನು ಕೊಡಬೇಡಿ ಎಂದು ತಿದ್ದಿತು. ಸಿಬಿಟಿಯನ್ನು ಕಾಯಿಲೆ ಗುಣಪಡಿಸುವ ಚಿಕಿತ್ಸೆ ಎಂದು ಕೊಡಬಾರದು, ಬೇಕಾದವರಿಗೆ ಕಾಯಿಲೆಯೊಂದಿಗೆ ಏಗಲು ನೆರವು ಅಷ್ಟೇ ಎಂದಿತು.

ತಂಗಿಯ ವಿಷಯ. ಶ್ರಮಪಟ್ಟ ಮೇಲೆ ತಡವಾಗಿ ಬೀಳುವುದು, ನೀವು ಬರೆದ ಆ ನಾಡಿದ್ದಿನ ಲೆಕ್ಕ, ಈ ಕಾಯಿಲೆಯ ಮುಖ್ಯ ಲಕ್ಷಣ. ಏನು ಮಾಡಿದಳು, ಎಂದು ಬಿದ್ದಳು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. 2021ರ ನೈಸ್ ಸೂತ್ರ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಪ್ರಿಂಟ್ ತೆಗೆದು ನೋಟ್‌ಬುಕ್ಕಿನ ಜೊತೆ ಡಾಕ್ಟರ ಮುಂದಿಡಿ. ಜಗಳ ಬೇಡ, ಎಷ್ಟೋ ಡಾಕ್ಟರುಗಳು ಓದಿದ್ದು 2011ರ ಸುದ್ದಿಯನ್ನು ಮಾತ್ರ. ಮತ್ತು ಬಟ್ಟೆ ಒಗೆಯುವುದನ್ನು ಮನೆಯಲ್ಲಿ ಬೇರೆ ಯಾರಾದರೂ ವಹಿಸಿಕೊಳ್ಳಿ.

ಪ್ರಶ್ನೆ: ವ್ಯಾಯಾಮ, ಯೋಗ ಇಂಥವಕ್ಕೆ ನಕಲಿ ಮಾತ್ರೆ ಕೊಟ್ಟು ಪರೀಕ್ಷಿಸಲು ಆಗುವುದಿಲ್ಲವಲ್ಲ. ಹಾಗಾದರೆ ಇವುಗಳ ಯಾವ ಪ್ರಯೋಗವನ್ನೂ ನಂಬುವಂತಿಲ್ಲವೇ? (ಸಂಖ್ಯಾಶಾಸ್ತ್ರ ವಿದ್ಯಾರ್ಥಿ, ಧಾರವಾಡ)

ಉತ್ತರ: ನಂಬಬಹುದಪ್ಪ, ಅಳತೆ ಗಟ್ಟಿಯಾಗಿದ್ದರೆ. ತನಗೆ ಯಾವ ಚಿಕಿತ್ಸೆ ಸಿಕ್ಕಿದೆ ಎಂದು ರೋಗಿಗೆ ಗೊತ್ತಿರುವಾಗ "ಈಗ ಹೇಗಿದ್ದೀರಿ?" ಎಂದು ಕೇಳಿದರೆ ಕೇಳಿದವರ ಮನಸ್ಸು ನೋಯಿಸದ ಉತ್ತರ ಬರುವುದು ಸಹಜ. ಅದಕ್ಕೇ ಅಲ್ಲಿ ಯಂತ್ರ, ಟೇಪು, ಹಾಜರಿ ಪುಸ್ತಕ ಬೇಕು. ಪೇಸ್‌ನಲ್ಲಿ ರೋಗಿಗಳ ಚಲನೆ ದಾಖಲಿಸುವ ಯಂತ್ರವನ್ನು ಶುರುವಿನಲ್ಲಿ ಕಟ್ಟಿದ್ದರು. ಕೊನೆಯಲ್ಲಿ ಕಟ್ಟಲಿಲ್ಲ, ರೋಗಿಗಳಿಗೆ ಹೊರೆಯಾಗುತ್ತದಂತೆ! ಆರು ನಿಮಿಷದ ನಡಿಗೆಯಲ್ಲಿ ವ್ಯಾಯಾಮದ ಗುಂಪು 312 ಮೀಟರಿನಿಂದ 379ಕ್ಕೆ ಹೋಯಿತು. ಮೂವತ್ತೆಂಟರ ಆರೋಗ್ಯವಂತರು ಅದಕ್ಕಿಂತ ಎಷ್ಟೋ ದೂರ ಹೋಗುತ್ತಾರೆ. ಸಾಲದ್ದಕ್ಕೆ ಪ್ರಯೋಗ ಇನ್ನೂ ನಡೆಯುತ್ತಿರುವಾಗಲೇ ಚಿಕಿತ್ಸೆಯನ್ನು ಹೊಗಳುವ ರೋಗಿಗಳ ಮಾತುಗಳನ್ನು ಸುದ್ದಿಪತ್ರ ಮಾಡಿ ಭಾಗವಹಿಸಿದವರಿಗೇ ಹಂಚಿದ್ದರು.

ನಾರ್ವೆಯ ಕಥೆಯನ್ನೂ ಓದು. ಅಲ್ಲಿನ ವೈದ್ಯರಾದ ಫ್ಲೂಗೆ ಮತ್ತು ಮೆಲ್ಲಾ ಇದೇ ಕಾಯಿಲೆಗೆ ರಿಟುಕ್ಸಿಮ್ಯಾಬ್ ಎಂಬ ಔಷಧ ಕೊಟ್ಟು 2011ರ ಸಣ್ಣ ಪ್ರಯೋಗದಲ್ಲಿ ಭರವಸೆ ಕಂಡರು. ಆಮೇಲೆ 151 ರೋಗಿಗಳ ಮೇಲೆ, ಯಾರಿಗೆ ಔಷಧ ಯಾರಿಗೆ ಸಲೈನ್ ಎಂದು ವೈದ್ಯರಿಗೂ ರೋಗಿಗೂ ತಿಳಿಯದ ಹಾಗೆ ಪರೀಕ್ಷಿಸಿದರು. ಪ್ರಯೋಜನ ಕಾಣಲಿಲ್ಲ. 2019ರಲ್ಲಿ ಅದನ್ನು ಹಾಗೆಯೇ ಪ್ರಕಟಿಸಿದರು. ಆ ಔಷಧದ ಮೇಲೆ ಆಸೆ ಇಟ್ಟಿದ್ದವರು ಎಷ್ಟೋ ಜನ, ಆದರೂ ಈ ಇಬ್ಬರ ಮೇಲೆ ರೋಗಿಗಳಿಗೆ ಗೌರವ ಉಳಿದಿದೆ.

ಪ್ರಶ್ನೆ: ನಮ್ಮ ದೇಶದ ಪ್ರಯೋಗಗಳಲ್ಲಿ ಹೀಗೆ ಅಳತೆ ಬದಲಿಸಿದ್ದಾರೋ ಇಲ್ಲವೋ ಸಾಮಾನ್ಯರು ನೋಡಬಹುದೇ? (ಗೃಹಿಣಿ, ಮಂಡ್ಯ)

ಉತ್ತರ: ನೋಡಬಹುದು. ಸಿಟಿಆರ್‌ಐ ಎಂಬ ನೋಂದಣಿ ತಾಣವಿದೆ. 2009ರ ಜೂನ್ 15ರಿಂದ ಔಷಧ ಪ್ರಯೋಗಗಳನ್ನು ಶುರುವಾಗುವ ಮೊದಲೇ ಅಲ್ಲಿ ನೋಂದಾಯಿಸುವುದು ಕಡ್ಡಾಯ. ಶುಲ್ಕವಿಲ್ಲ. ಇಂಗ್ಲಿಷಿನಲ್ಲಿದೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ನೋಂದಣಿಯ ದಿನಾಂಕ ನೋಡಿ, ಪ್ರಯೋಗ ಶುರುವಾದ ಮೇಲೆ ನೋಂದಾಯಿಸಿದ್ದರೆ ಅನುಮಾನಪಡಿ. ಆಮೇಲೆ ಮುಖ್ಯವಾಗಿ ಏನನ್ನು ಅಳೆಯುತ್ತೇವೆ ಎಂದು ಬರೆದಿದ್ದಾರೆ, ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಏನಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ರಯೋಗ ನಡೆಸಿದ್ದು ಸರ್ಕಾರಿ ಸಂಸ್ಥೆಯಾದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ರೋಗಿಗಳ ಹೆಸರು, ವಿಳಾಸ ಕೇಳಬೇಡಿ, ಅರ್ಜಿ ತಳ್ಳಿಹಾಕಲು ಅವರಿಗೆ ಅದೊಂದೇ ನೆಪ ಸಾಕು.